ಗುಂಡಿಗೆ ಗೋಡೆ ಲೆಕ್ಕಕ್ಕಿಲ್ಲ

ಮನೆಯೊಳಗೆ ಹಾರಿದ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಕೇಳಿ ಬಂದ ಪತ್ರಗಳಿಗೆ ಈ ಬಾರಿಯ ಪ್ರಶ್ನೋತ್ತರ ಮೀಸಲು. ಪತ್ರ ಬರೆದವರ ಊರನ್ನಷ್ಟೇ ಹಾಕಿದ್ದೇವೆ, ಹೆಸರು ಹಾಕಿಲ್ಲ.

ಪ್ರಶ್ನೆ: ಡಲ್ಲಾಸ್ ಹತ್ತಿರದ ಫ್ರಿಸ್ಕೊದಲ್ಲಿ ಎರಡಂತಸ್ತಿನ ಮನೆ ಕೊಂಡಿದ್ದೇವೆ. ಪಕ್ಕದ ಬೀದಿಯ ಮನೆಗೆ ಕಳ್ಳರು ನುಗ್ಗಿದ ಮೇಲೆ 9 ಎಂಎಂ ಪಿಸ್ತೂಲು ತಂದೆ. ಕೆಳಗಿನ ಕೋಣೆಯಲ್ಲಿ ಅತ್ತೆ, ಮಾವ ಮಲಗುತ್ತಾರೆ. ಮೇಲೆ ನಮ್ಮ ಕೋಣೆಗೆ ತಾಗಿಕೊಂಡೇ ಮಗಳ ಕೋಣೆ. ‘ಹಾಲೋ ಪಾಯಿಂಟ್ ಗುಂಡು ಹಾಕಿಕೊಳ್ಳಿ, ಗೋಡೆ ದಾಟಲ್ಲ’ ಅಂತ ಅಂಗಡಿಯವರು ಹೇಳಿದರು. ನಂಬಬಹುದೆ?

ಉತ್ತರ: ನಂಬಬೇಡಿ. ನಿಮ್ಮ ಮಗಳ ಕೋಣೆಗೂ ನಿಮ್ಮ ಕೋಣೆಗೂ ನಡುವೆ ಇರುವುದನ್ನು ನಮ್ಮೂರ ಅರ್ಥದಲ್ಲಿ ಗೋಡೆ ಎನ್ನುವುದೇ ಕಷ್ಟ. ಆ ಕಡೆ ಅರ್ಧ ಇಂಚಿನ ಜಿಪ್ಸಮ್ ಹಲಗೆ, ಈ ಕಡೆ ಅರ್ಧ ಇಂಚಿನದು, ನಡುವೆ ಮೂರೂವರೆ ಇಂಚು ಗಾಳಿ. ಹಲಗೆಯೆಂದರೂ ಕಾಗದದ ಎರಡು ಹಾಳೆಗಳ ನಡುವೆ ಒತ್ತಿಟ್ಟ ಸುಣ್ಣದಂಥ ಪುಡಿ ಅಷ್ಟೆ. ಅದನ್ನು ಹಿಡಿದು ನಿಲ್ಲಿಸುವ ಮರದ ಕಂಬ (ಸ್ಟಡ್) 16 ಇಂಚಿಗೊಂದರಂತೆ ಇರುತ್ತದೆ. ‘ಟೂ ಬೈ ಫೋರ್’ ಎಂದು ಕರೆದರೂ ಅದರ ನಿಜವಾದ ಅಳತೆ ಒಂದೂವರೆ ಇಂಚು ಅಗಲ, ಮೂರೂವರೆ ಇಂಚು ಆಳ. ಲೆಕ್ಕ ಹಾಕಿ ನೋಡಿ: ಸುಮ್ಮನೆ ಹಾರಿದ ಗುಂಡು ಕಂಬಕ್ಕೆ ಬಡಿಯುವ ಸಾಧ್ಯತೆ ಹನ್ನೊಂದರಲ್ಲಿ ಒಂದು. ಬಡಿದರೂ ಆ ಮೆದು ಮರ 9 ಎಂಎಂ ಗುಂಡನ್ನು ನಿಲ್ಲಿಸಿಯೇ ನಿಲ್ಲಿಸುತ್ತದೆ ಎಂಬ ಖಾತರಿಯಿಲ್ಲ.

ಇನ್ನು ಹಾಲೋ ಪಾಯಿಂಟ್. ಈ ಗುಂಡಿನ ಮೂತಿಯಲ್ಲಿ ಒಂದು ಗುಳಿ ಇರುತ್ತದೆ. ದೇಹದ ನೀರಿನಂಶ ಆ ಗುಳಿಯೊಳಗೆ ಒತ್ತಿ ನುಗ್ಗಿದಾಗ ಮೂತಿ ಅಣಬೆಯಂತೆ ಅರಳುತ್ತದೆ, ಅರಳಿದ ಗುಂಡು ಬೇಗ ನಿಲ್ಲುತ್ತದೆ. ಜಿಪ್ಸಮ್ ಹಲಗೆಯಲ್ಲಿ ನೀರೆಲ್ಲಿದೆ? ಮೊದಲ ಹಲಗೆ ದಾಟುವಾಗಲೇ ಪುಡಿ ಗುಳಿಯೊಳಗೆ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ. ಬಾಯಿಗೆ ಹಿಟ್ಟು ಮೆತ್ತಿದ ಹಾಗೆ. ಆಮೇಲೆ ಅದು ಅರಳುವುದಿಲ್ಲ, ಸಾಮಾನ್ಯ ಗುಂಡಿನಂತೆಯೇ ಮುಂದೆ ಹೋಗುತ್ತದೆ. ಹೀಗಾಗಿ ಗೋಡೆ ದಾಟಿ ಬಂದ ಹಾಲೋ ಪಾಯಿಂಟ್, ನೇರವಾಗಿ ಬಂದದ್ದಕ್ಕಿಂತ ಹೆಚ್ಚು ಆಳಕ್ಕೆ ಇಳಿಯುವುದೂ ಉಂಟು. ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಗುರಿಗೆ ತಗುಲಿದ ಗುಂಡು ಆ ದೇಹ ದಾಟಿ ಹೋಗುವ ಸಾಧ್ಯತೆಯನ್ನು ಹಾಲೋ ಪಾಯಿಂಟ್ ನಿಜವಾಗಿಯೂ ಕಡಿಮೆ ಮಾಡುತ್ತದೆ. ಆದರೆ ನಿಮ್ಮ ಮಗಳಿಗಿರುವ ಅಪಾಯ ಗುರಿ ತಪ್ಪಿದ ಗುಂಡಿನಿಂದ. ಕತ್ತಲು, ಗಾಬರಿ, ನಿದ್ದೆಗಣ್ಣು ಸೇರಿದಾಗ ತಪ್ಪುವ ಗುಂಡುಗಳೇ ಹೆಚ್ಚು.

1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದ ನಂತರ ಎಫ್‌ಬಿಐ ಗುಂಡುಗಳಿಗೆ ಒಂದು ಪರೀಕ್ಷಾ ಕ್ರಮ ರೂಪಿಸಿತು. ದೇಹದ ಬದಲಿಗೆ ಬಳಸುವ ಜಿಲೆಟಿನ್ ಗಟ್ಟಿಯಲ್ಲಿ ಗುಂಡು 12ರಿಂದ 18 ಇಂಚು ಇಳಿಯಬೇಕು ಎಂಬುದು ಅದರ ಅಳತೆಗೋಲು. ಆ ಪರೀಕ್ಷೆಗಳಲ್ಲಿ ಒಂದರಲ್ಲಿ ಜಿಲೆಟಿನ್ ಮುಂದೆ ಅರ್ಧ ಇಂಚಿನ ಎರಡು ಜಿಪ್ಸಮ್ ಹಲಗೆಗಳನ್ನು ಮೂರೂವರೆ ಇಂಚು ಅಂತರದಲ್ಲಿ ನಿಲ್ಲಿಸುತ್ತಾರೆ. ಅಂದರೆ ಥೇಟ್ ನಿಮ್ಮ ಮನೆಯ ಒಳಗೋಡೆ. ಅದನ್ನು ದಾಟಿಯೂ 12 ಇಂಚು ಇಳಿಯುವ ಗುಂಡನ್ನೇ ಒಳ್ಳೆಯ ಗುಂಡು ಎಂದು ಅವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಪೊಟ್ಟಣದ ಮೇಲೆ ‘ಎಫ್‌ಬಿಐ ಪರೀಕ್ಷೆಯಲ್ಲಿ ತೇರ್ಗಡೆ’ ಎಂದಿದ್ದರೆ ಅದರ ಒಂದರ್ಥ ‘ನಿಮ್ಮ ಗೋಡೆ ದಾಟುವುದು ಖಂಡಿತ’ ಎಂದೇ.

ಪ್ರಶ್ನೆ: ಹಾಗಾದರೆ ಪಿಸ್ತೂಲಿನ ಬದಲು ಶಾಟ್‌ಗನ್ ಇಟ್ಟುಕೊಳ್ಳುವುದು ಒಳ್ಳೆಯದೆ? ರೈಫಲ್ ಅಂತೂ ನಾಲ್ಕು ಮನೆ ದಾಟಿ ಹೋಗುತ್ತದಂತೆ. (ನಾರ್ತ್ ಕೆರೊಲಿನಾದ ಕ್ಯಾರಿಯಿಂದ)

ಉತ್ತರ: ಇಲ್ಲಿ ಎಣಿಕೆ ಸ್ವಲ್ಪ ತಲೆಕೆಳಗಾಗುತ್ತದೆ.

9 ಎಂಎಂ ಗುಂಡು ಸುಮಾರು ಏಳೂವರೆ ಗ್ರಾಂ ತೂಗುತ್ತದೆ, ಸೆಕೆಂಡಿಗೆ ಸುಮಾರು 350 ಮೀಟರ್ ವೇಗ. ಶಕ್ತಿ 450 ಜೂಲ್ ಆಸುಪಾಸು. ಎಆರ್-15 ರೈಫಲಿನ .223 ಗುಂಡು ಬರೀ ಮೂರೂವರೆ ಗ್ರಾಂ, ಆದರೆ ವೇಗ 975 ಮೀಟರ್. ಶಕ್ತಿ ಸುಮಾರು 1,700 ಜೂಲ್. ಶಕ್ತಿ ನಾಲ್ಕು ಪಟ್ಟು ಇದ್ದಮೇಲೆ ನಾಲ್ಕು ಪಟ್ಟು ಗೋಡೆ ದಾಟಬೇಕಲ್ಲ? ಹಾಗಾಗುವುದಿಲ್ಲ. ಉದ್ದನೆಯ, ಹಗುರ ಗುಂಡು ಮೊದಲ ಹಲಗೆ ತಾಗುತ್ತಲೇ ಸಮತೋಲ ತಪ್ಪಿ ಅಡ್ಡ ತಿರುಗುತ್ತದೆ. ಗುಂಡು ಮೆದು ತುದಿಯದಾದರೆ ಒಡೆಯಲೂ ತೊಡಗುತ್ತದೆ. ಅಡ್ಡ ತಿರುಗಿದ್ದು ಬೇಗ ವೇಗ ಕಳೆದುಕೊಳ್ಳುತ್ತದೆ. ಪಿಸ್ತೂಲಿನ ಗುಂಡು ಗಿಡ್ಡ, ದಪ್ಪ, ನಿಧಾನ. ತಿರುಗುವ ಗೋಜಿಗೆ ಹೋಗದೆ ಮುನ್ನುಗ್ಗುತ್ತಲೇ ಇರುತ್ತದೆ. ಹೀಗಾಗಿ ಹಲವು ಗೋಡೆಗಳ ಸಾಲಿನಲ್ಲಿ ಹಗುರವಾದ .223 ಗುಂಡು 9 ಎಂಎಂಗಿಂತ ಮೊದಲೇ ಸುಸ್ತಾಗುವುದುಂಟು. ಅದೇ ರೈಫಲಿಗೆ ಉಕ್ಕಿನ ತುದಿಯಿರುವ ಸೇನಾ ಮಾದರಿಯ 62 ಗ್ರೇನ್ (ಸುಮಾರು 4 ಗ್ರಾಂ) ಗುಂಡು ಹಾಕಿದರೆ ಈ ಮಾತು ನಿಲ್ಲುವುದಿಲ್ಲ. ಹಗುರ ಗುಂಡೂ ಮೊದಲ ಗೋಡೆಯನ್ನು ದಾಟೇ ದಾಟುತ್ತದೆ, ಎರಡನೆಯದನ್ನೂ ದಾಟುವ ಸಾಧ್ಯತೆ ಹೆಚ್ಚು. ‘ಕಡಿಮೆ’ ಎಂದರೆ ಸೊನ್ನೆಯಲ್ಲ.

12 ಬೋರ್ ಶಾಟ್‌ಗನ್ನಿನ ‘ಡಬಲ್ ಆಟ್’ ಎಂಬ ದೊಡ್ಡ ಗುಂಡಿನ ತೋಟೆಯಲ್ಲಿ ಸಾಮಾನ್ಯವಾಗಿ 8 ಇಲ್ಲವೆ 9 ಗುಂಡು. ಒಂದೊಂದೂ 8.4 ಮಿಲಿಮೀಟರ್ ದಪ್ಪ, ಮೂರೂವರೆ ಗ್ರಾಂ. ಒಂದೊಂದಕ್ಕೂ 230 ಜೂಲ್ ಹತ್ತಿರದ ಶಕ್ತಿ. ಪಾಯಿಂಟ್ 32 ಪಿಸ್ತೂಲಿನಿಂದ ಒಂಬತ್ತು ಗುಂಡು ಒಟ್ಟಿಗೆ ಹಾರಿಸಿದರೂ ಇಂಥ ಒಂದು ತೋಟೆಯ ಒಟ್ಟು ಶಕ್ತಿ ಸಿಗುವುದಿಲ್ಲ. ಇವೆಲ್ಲ ಗೋಡೆ ದಾಟುತ್ತವೆ. ‘ಶಾಟ್‌ಗನ್ ಆದರೆ ಗುರಿ ಬೇಡ, ಹರಡಿಕೊಂಡು ಹೋಗುತ್ತದೆ’ ಎಂಬುದೂ ಸಿನಿಮಾ ಮಾತು. ಕೋಣೆಯ ಈ ತುದಿಯಿಂದ ಆ ತುದಿಗೆ, ನಾಲ್ಕೈದು ಮೀಟರಿಗೆ, ಗುಂಡುಗಳು ಹರಡುವುದು ಅಂಗೈಯಗಲ. ಗುರಿ ತಪ್ಪಿದರೆ ಒಂಬತ್ತಕ್ಕೆ ಒಂಬತ್ತೂ ತಪ್ಪುತ್ತವೆ.

ಹಕ್ಕಿ ಹೊಡೆಯುವ ಸಣ್ಣ ಚರೆಯ ತೋಟೆ (ಬರ್ಡ್‌ಶಾಟ್) ಗೋಡೆಯಲ್ಲೇ ನಿಲ್ಲುತ್ತದೆ ಎಂಬ ಸಲಹೆಯೂ ಇದೆ. ಏಳೂವರೆ ನಂಬರಿನ ಚರೆ ಔನ್ಸಿಗೆ ಸುಮಾರು 350 ಬರುತ್ತವೆ, ಸಾಸಿವೆಗಿಂತ ತುಸು ದೊಡ್ಡವು. ಅಷ್ಟು ಹತ್ತಿರದಲ್ಲಿ ಅವು ಇನ್ನೂ ಬಿಡಿಬಿಡಿಯಾಗಿರುವುದಿಲ್ಲ, ಒಂದೇ ಮುದ್ದೆಯಾಗಿ ಬಡಿದು ಒಂದು ಗೋಡೆಯ ಎರಡು ಹಲಗೆಗಳನ್ನೂ ಕಿತ್ತುಕೊಂಡು ಹೋಗಬಲ್ಲವು. ಎರಡನೆಯ ಗೋಡೆಯ ಹೊತ್ತಿಗೆ ಬಲ ಉಡುಗುತ್ತದೆ ನಿಜ. ಆದರೆ ಜಿಲೆಟಿನ್‌ನಲ್ಲಿ ಅವು ಇಳಿಯುವುದು ಐದಾರು ಇಂಚು ಮಾತ್ರ, ಬೇಕಾದ 12ರ ಅರ್ಧ. ಮನೆಯೊಳಗೆ ಗುಂಡು ಹಾರಿಸುವುದೇ ಜೀವ ಉಳಿಸಿಕೊಳ್ಳಲು ಬೇರೆ ದಾರಿಯಿಲ್ಲದಾಗ. ಆಗ ಎದುರಿಗಿರುವವನನ್ನು ತಡೆಯಲಾರದ ತೋಟೆ ಯಾಕೆ?

ತಾಮ್ರ, ತವರದ ಪುಡಿ ಒತ್ತಿ ಮಾಡಿದ ‘ಪುಡಿಯಾಗುವ ಗುಂಡು’ (ಫ್ರ್ಯಾಂಜಿಬಲ್) ಎಂಬುದನ್ನೂ ಇದೇ ಆಸೆಯಿಂದ ಕೊಳ್ಳುವವರಿದ್ದಾರೆ. ಅದು ಪುಡಿಯಾಗುವುದು ತರಬೇತಿ ಮೈದಾನದ ಉಕ್ಕಿನ ಫಲಕಕ್ಕೆ ಬಡಿದಾಗ. ಜಿಪ್ಸಮ್ ಹಲಗೆ ಅದಕ್ಕೆ ಯಾವ ಲೆಕ್ಕವೂ ಅಲ್ಲ. ಒಟ್ಟಿನಲ್ಲಿ ಎದುರಿಗಿರುವವನನ್ನು ತಡೆಯಬಲ್ಲ, ಆದರೆ ಈ ಗೋಡೆ ದಾಟಲಾರದ ಗುಂಡು ಅಂಗಡಿಯಲ್ಲಿ ಸಿಗುವುದಿಲ್ಲ. ತೋಟೆ ಆರಿಸಲು ಕಳೆಯುವ ಸಮಯವನ್ನು ದಿಕ್ಕು ಆರಿಸಲು ಕಳೆಯಿರಿ.

ಪ್ರಶ್ನೆ: ದಿಕ್ಕು ಆರಿಸುವುದು ಎಂದರೆ ಹೇಗೆ? (ಫ್ರಿಸ್ಕೊದವರದೇ ಮುಂದಿನ ಪತ್ರ)

ಉತ್ತರ: ಮನೆಯ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆಯಿರಿ, ಪ್ರತಿ ಅಂತಸ್ತಿಗೆ ಒಂದು ಹಾಳೆ. ಯಾರ ಹಾಸಿಗೆ ಎಲ್ಲಿದೆ, ತಲೆ ಯಾವ ಕಡೆ, ನೆಲದಿಂದ ಹಾಸಿಗೆ ಎಷ್ಟು ಎತ್ತರ ಎಂಬುದನ್ನು ಟೇಪು ಹಿಡಿದು ಅಳೆದು ಗುರುತು ಹಾಕಿ. ಪಕ್ಕದ ಮನೆಯ ಕಿಟಕಿಗಳನ್ನೂ ಗುರುತಿಸಿ. ಹೊಸ ಬಡಾವಣೆಗಳಲ್ಲಿ ಎರಡು ಮನೆಗಳ ನಡುವೆ ಹತ್ತಡಿ ಜಾಗವಿದ್ದರೆ ಹೆಚ್ಚು. ಆಮೇಲೆ, ಆಪತ್ತು ಬಂದರೆ ನೀವು ನಿಲ್ಲುವ ಜಾಗ ಒಂದೇ ಒಂದನ್ನು ಗೊತ್ತು ಮಾಡಿ, ಅಲ್ಲಿಂದ ಬಾಗಿಲಿಗೆ, ಮೆಟ್ಟಿಲಿಗೆ, ಕಾರಿಡಾರಿಗೆ ಗೆರೆ ಎಳೆಯಿರಿ. ಗೆರೆಯನ್ನು ಬಾಗಿಲಲ್ಲೇ ನಿಲ್ಲಿಸಬೇಡಿ. ಹಾಳೆಯ ಅಂಚಿನವರೆಗೂ ಎಳೆಯಿರಿ. ಯಾವ ಗೆರೆ ಹಾಸಿಗೆಯ ಮೇಲೆ ಹಾಯುತ್ತದೋ ಆ ದಿಕ್ಕಿನಲ್ಲಿ ಗುಂಡು ಹಾರಿಸುವ ಮಾತೇ ಇಲ್ಲ. ಜಾಗ ಬದಲಿಸಿ, ಇಲ್ಲವೆ ಮಂಚ ಸರಿಸಿ. ಮಂಚ ಸರಿಸುವುದೇ ಎಲ್ಲಕ್ಕಿಂತ ಅಗ್ಗದ ಪರಿಹಾರ.

ನಿಮ್ಮ ಮನೆಯಲ್ಲಿ ಮಗಳು ಮೇಲೆಯೇ ಇರುವುದರಿಂದ ಒಂದು ಅನುಕೂಲವಿದೆ. ಟೆಕ್ಸಾಸ್‌ನ ಹೆಚ್ಚಿನ ಮನೆಗಳು ನೆಲದ ಮೇಲೇ ಹಾಕಿದ ಕಾಂಕ್ರೀಟ್ ಹಾಸಿನ ಮೇಲೆ ನಿಂತಿರುತ್ತವೆ. ಮಹಡಿಯಿಂದ ಮೆಟ್ಟಿಲಿನ ಕೆಳಗೆ ಇಳಿಜಾರಾಗಿ ಹೋದ ಗುಂಡು ಕೊನೆಗೆ ಆ ಹಾಸಿನತ್ತ ಹೋಗುತ್ತದೆ. ಆದರೆ ಮೆಟ್ಟಿಲ ಬುಡದ ಗೋಡೆಯ ಹಿಂದೆ ಅತ್ತೆ, ಮಾವನ ಕೋಣೆ ಇದ್ದರೆ ಈ ಅನುಕೂಲ ಅಲ್ಲಿಗೇ ಮುಗಿಯಿತು. ಇದನ್ನು ನಕ್ಷೆ ನೋಡದೆ ಹೇಳಲಾಗದು. ಕೆಳಗಿನಿಂದ ಮೇಲಕ್ಕಂತೂ ಬೇಡವೇ ಬೇಡ. ನಡುವೆ ಇರುವುದು ಸೂರಿನ ಅರ್ಧ ಇಂಚು ಜಿಪ್ಸಮ್, ಮೇಲಂತಸ್ತಿನ ನೆಲದ ಮುಕ್ಕಾಲು ಇಂಚು ಮರದ ಹಲಗೆ.

‘ಮಂಡಿಯೂರಿ ಹಾರಿಸಿದರೆ ಗುಂಡು ಮೇಲಕ್ಕೆ ಹೋಗುತ್ತದೆ, ಆಚೆ ಮಲಗಿದವರಿಗೆ ತಾಗುವುದಿಲ್ಲ’ ಎಂದು ತರಬೇತಿಯವರು ಹೇಳುವುದುಂಟು. ಅಳೆದು ನೋಡೋಣ. ಮಂಡಿಯೂರಿದಾಗ ನಳಿಗೆ ನೆಲದಿಂದ 70 ಸೆಂಟಿಮೀಟರ್, ನಾಲ್ಕು ಮೀಟರ್ ದೂರದಲ್ಲಿ ನಿಂತವನ ಎದೆ 130. ಅಂದರೆ ಮೀಟರಿಗೆ 15 ಸೆಂಟಿಮೀಟರ್ ಏರಿಕೆ. ಇನ್ನೂ ನಾಲ್ಕು ಮೀಟರ್ ಹೋದಾಗ 190 ಸೆಂಟಿಮೀಟರ್, ಪಕ್ಕದ ಕೋಣೆಯಲ್ಲಿ ಮಲಗಿದ ಮಗುವಿನ ಮೇಲಿಂದ ಹಾದುಹೋಯಿತು. ಸರಿ. ಅಲ್ಲಿಂದ ಹೊರಬಿದ್ದು, ಎದೆಯಿಂದ 20 ಮೀಟರ್ ಆಚೆಗೆ ಎತ್ತರ 430 ಸೆಂಟಿಮೀಟರ್. ಅದು ನೆರೆಯವರ ಮಹಡಿಯ ಮಲಗುವ ಕೋಣೆ. ಅಪಾಯ ನಿಮ್ಮ ಮನೆಯಿಂದ ಅವರ ಮನೆಗೆ ದಾಟಿತು, ಅಷ್ಟೆ. ಅವರ ಹೊರಗೋಡೆ ಇಟ್ಟಿಗೆಯ ಹೊದಿಕೆಯದಾದರೆ ಪಿಸ್ತೂಲಿನ ಗುಂಡನ್ನು ತಡೆದೀತು. ವಿನೈಲ್ ಪಟ್ಟಿಯೂ ಅರ್ಧ ಇಂಚಿಗೂ ಕಮ್ಮಿ ದಪ್ಪದ ಮರದ ಹಲಗೆಯೂ ಆದರೆ ತಡೆಯುವುದಿಲ್ಲ.

ಎಲ್ಲಕ್ಕಿಂತ ಒಳ್ಳೆಯ ಯೋಜನೆಯಲ್ಲಿ ಗುಂಡೇ ಇಲ್ಲ. ಶಬ್ದ ಕೇಳಿದ ಕೂಡಲೇ ನೀವಿಬ್ಬರೂ ಮಗಳ ಕೋಣೆಗೆ ಹೋಗಿ, ಬಾಗಿಲು ಹಾಕಿ, 911ಕ್ಕೆ ಕರೆ ಮಾಡಿ ಅಲ್ಲೇ ಇರಿ. ಅತ್ತೆ, ಮಾವ ತಮ್ಮ ಕೋಣೆಯಲ್ಲೇ ಚಿಲಕ ಹಾಕಿಕೊಂಡಿರಲಿ. ‘ಏನು ಶಬ್ದ ನೋಡೋಣ’ ಎಂದು ಮಾವನವರು ಕತ್ತಲಲ್ಲಿ ಎದ್ದು ಬರಕೂಡದು ಎಂಬುದನ್ನು ಅವರು ಬಂದ ಮೊದಲ ವಾರವೇ ಹೇಳಿ. ರಾತ್ರಿ ನೀರು ಕುಡಿಯಲು ಎದ್ದವರನ್ನು ಕಳ್ಳರೆಂದು ತಿಳಿದು ಹೊಡೆದ ದುರಂತಗಳು ಅಮೆರಿಕದಲ್ಲಿ ಮತ್ತೆ ಮತ್ತೆ ಆಗುತ್ತಿವೆ. ಪಿಸ್ತೂಲಿನ ಜೊತೆ ಕೈಯಲ್ಲಿ ಹಿಡಿಯುವ ಟಾರ್ಚ್ ಬೇರೆಯಾಗಿಯೇ ಇರಲಿ. ಪಿಸ್ತೂಲಿಗೆ ಕೂರಿಸಿದ ಟಾರ್ಚಿನಿಂದ ಹುಡುಕಿದರೆ ನಳಿಗೆಯೂ ಎಲ್ಲರ ಮೇಲೆ ಹರಿದಾಡುತ್ತದೆ.

ಪ್ರಶ್ನೆ: ಮಗುವಿನ ಕೋಣೆಯ ಗೋಡೆಯೊಳಗೆ ಮರಳು ತುಂಬಿಸಿದರೆ ಆಗದೆ? (ಅಟ್ಲಾಂಟಾದಿಂದ)

ಉತ್ತರ: ಮರಳು ಗುಂಡನ್ನು ತಡೆಯುತ್ತದೆ, ಗೋಡೆ ಮರಳನ್ನು ತಡೆಯುವುದಿಲ್ಲ. ಎರಡು ಕಂಬಗಳ ನಡುವಿನ ಒಂದು ಖಾನೆ ಹದಿನಾಲ್ಕೂವರೆ ಇಂಚು ಅಗಲ, ಮೂರೂವರೆ ಇಂಚು ಆಳ, ಎಂಟಡಿ ಎತ್ತರ. ಅದಕ್ಕೆ ಹಿಡಿಯುವ ಒಣ ಮರಳು ಸುಮಾರು 128 ಕಿಲೋ. ಹನ್ನೆರಡಡಿ ಗೋಡೆಯಲ್ಲಿ ಇಂಥ ಒಂಬತ್ತು ಖಾನೆ, ಒಟ್ಟು 1,150 ಕಿಲೋ ಮೀರುತ್ತದೆ. ಜಿಪ್ಸಮ್ ಹಲಗೆ ಹೊಟ್ಟೆ ಉಬ್ಬಿ, ಸ್ಕ್ರೂಗಳ ತಲೆ ಕಾಗದ ಹರಿದು ಹೊರಬರುತ್ತವೆ. ಮಹಡಿಯ ಮಲಗುವ ಕೋಣೆಗಳ ನೆಲವನ್ನು ಅಲ್ಲಿ ಚದರಡಿಗೆ 30 ಪೌಂಡ್ ಬಳಕೆ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಒಂದು ಟನ್ನಿಗೂ ಮಿಕ್ಕಿದ ಮರಳನ್ನು ಒಂದೇ ಗೆರೆಯಲ್ಲಿ ಹೇರಲು ಅದು ತಯಾರಿರುವುದಿಲ್ಲ.

ಖರ್ಚು ಮಾಡಲು ಮನಸ್ಸಿದ್ದರೆ ಗಾಜಿನ ನಾರಿನ ಬ್ಯಾಲಿಸ್ಟಿಕ್ (ಗುಂಡು ತಡೆಯುವ) ಫಲಕಗಳಿವೆ. ‘ಯುಎಲ್ 752’ ಎಂಬ ಮಾನದಂಡದ ಶ್ರೇಣಿ ನೋಡಿ ಕೊಳ್ಳಿ. 1ನೇ ಶ್ರೇಣಿ 9 ಎಂಎಂಗೆ, 3ನೇದು .44 ಮ್ಯಾಗ್ನಮ್‌ಗೆ, ರೈಫಲಿಗೆ ಬೇಕಾದರೆ 7 ಅಥವಾ 8. 3ನೇ ಶ್ರೇಣಿಯದು ಹತ್ತಿರಹತ್ತಿರ ಅರ್ಧ ಇಂಚು ದಪ್ಪ. ನಾಲ್ಕಡಿಗೆ ಎಂಟಡಿಯ ಒಂದು ಫಲಕ ಸುಮಾರು 70 ಕಿಲೋ. ಜಿಪ್ಸಮ್ ಬಿಚ್ಚಿ ಕಂಬಗಳಿಗೆ ಇದನ್ನು ಸ್ಕ್ರೂ ಹಾಕಿ ಕೂರಿಸಿ, ಮೇಲೆ ಹೊಸ ಜಿಪ್ಸಮ್ ಹೊಡೆಯಬೇಕು.

ಕೆಲಸ ಕೆಡುವುದು ಮೂರು ಕಡೆ. ಎರಡು ಫಲಕ ಕೂಡುವ ಸಂದಿನ ಹಿಂದೆ ಅದೇ ಫಲಕದ ನಾಲ್ಕಿಂಚು ಅಗಲದ ಪಟ್ಟಿ ಕೊಡದೆ ಬಿಡುತ್ತಾರೆ. ಸ್ವಿಚ್ ಪೆಟ್ಟಿಗೆಗಾಗಿ ಕತ್ತರಿಸಿದ ಚೌಕವನ್ನು ಹಿಂದಿನಿಂದ ಮುಚ್ಚುವುದಿಲ್ಲ. ಇಷ್ಟೆಲ್ಲ ಮಾಡಿ ಬಾಗಿಲನ್ನು ಹಾಗೇ ಬಿಡುತ್ತಾರೆ. ಅಲ್ಲಿನ ಒಳಬಾಗಿಲು ಹೆಚ್ಚಾಗಿ ಟೊಳ್ಳು: ಎರಡು ತೆಳು ಹಾಳೆ, ನಡುವೆ ರಟ್ಟಿನ ಜೇನುಗೂಡು. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಡಬ್ಬದ ಸದ್ದು ಬರುತ್ತದೆ. ಒತ್ತೊತ್ತಾಗಿ ತುಂಬಿದ ಪುಸ್ತಕದ ಕಪಾಟು ಪಿಸ್ತೂಲಿನ ಗುಂಡಿನ ಬಲವನ್ನು ಬಹಳ ಕುಗ್ಗಿಸುತ್ತದೆ. ಅದು ಉಪಕಾರವೇ, ಆದರೆ ಖಾತರಿಯಲ್ಲ.

ಪ್ರಶ್ನೆ: ನಾನು ಅಮೆರಿಕದಲ್ಲಿ ಎಚ್-1ಬಿ ಉದ್ಯೋಗ ವೀಸಾದಲ್ಲಿದ್ದೇನೆ. ಗೆಳೆಯರೊಬ್ಬರು ಊರಿಗೆ ಹೋಗುವಾಗ ತಮ್ಮ ಪಿಸ್ತೂಲನ್ನು ನಮ್ಮ ಮನೆಯಲ್ಲಿ ಇಟ್ಟುಹೋಗುತ್ತೇನೆ ಎನ್ನುತ್ತಾರೆ.

ಉತ್ತರ: ಬೇಡ ಎನ್ನಿ. ವಲಸೆಯೇತರ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದಿರುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧವಿಲ್ಲ. ಸಂದರ್ಶಕ ವೀಸಾದಲ್ಲಿ ಬಂದಿರುವ ಅಪ್ಪ, ಅಮ್ಮನಿಗೂ ನಿಷೇಧ ಅನ್ವಯಿಸುತ್ತದೆ. ಮನೆಯಲ್ಲಿ ಬಂದೂಕು ಇರುವ ಮಗ ಅಥವಾ ಮಗಳು ಪೆಟ್ಟಿಗೆಯ ಬೀಗದ ಸಂಖ್ಯೆಯನ್ನು ಅವರಿಗೆ ಕೊಡಕೂಡದು.

ಪ್ರಶ್ನೆ: ಕಳ್ಳನಿಗೆಂದು ಹೊಡೆದ ಗುಂಡು ಗೋಡೆ ದಾಟಿ ಬೇರೆಯವರಿಗೆ ತಗುಲಿದರೆ ಕಾನೂನು ಏನು ಹೇಳುತ್ತದೆ?

ಉತ್ತರ: ಊರಿಗೊಂದು ಕಾನೂನು. ಟೆಕ್ಸಾಸ್ ದಂಡ ಸಂಹಿತೆಯ 9.05ನೇ ಕಲಂ ನೇರವಾಗಿದೆ: ಕಳ್ಳನ ಮೇಲೆ ಬಲ ಬಳಸಿದ್ದು ಎಷ್ಟೇ ನ್ಯಾಯವಾಗಿದ್ದರೂ, ಆ ಭರದಲ್ಲಿ ಅಜಾಗ್ರತೆಯಿಂದ ನಿರಪರಾಧಿಯೊಬ್ಬರಿಗೆ ಗಾಯ ಮಾಡಿದರೆ ಅಥವಾ ಕೊಂದರೆ ಆ ಮೊಕದ್ದಮೆಯಲ್ಲಿ ಆತ್ಮರಕ್ಷಣೆಯ ಸಮರ್ಥನೆ ಸಿಗುವುದಿಲ್ಲ. ನಮ್ಮ ಭಾರತೀಯ ನ್ಯಾಯ ಸಂಹಿತೆಯ 44ನೇ ಕಲಂ ಬೇರೆ ಥರ. ಸಾವಿನ ಭಯ ಹುಟ್ಟಿಸುವಂಥ ದಾಳಿಯಾಗಿ, ನಿರಪರಾಧಿಗೆ ಅಪಾಯ ತರದೆ ರಕ್ಷಿಸಿಕೊಳ್ಳಲು ಸಾಧ್ಯವೇ ಇಲ್ಲದಿದ್ದರೆ ಆ ಅಪಾಯ ತಂದುಕೊಳ್ಳುವಷ್ಟು ಹಕ್ಕು ಇದೆ ಎನ್ನುತ್ತದೆ. ಅದರ ಉದಾಹರಣೆಯಲ್ಲಿ ಕೊಲ್ಲಲು ಬಂದ ಗುಂಪಿನ ನಡುವೆ ಮಕ್ಕಳಿರುತ್ತಾರೆ. ಹಳೆಯ ಐಪಿಸಿಯ 106ನೇ ಕಲಮಿನಲ್ಲೂ ಇದೇ ಇತ್ತು. ‘ಸಾಧ್ಯವೇ ಇಲ್ಲದಿದ್ದರೆ’ ಎಂಬಲ್ಲೇ ಇಡೀ ಮೊಕದ್ದಮೆ ನಿಲ್ಲುತ್ತದೆ. ಬಾಗಿಲು ಹಾಕಿಕೊಳ್ಳಲು ಅವಕಾಶವಿತ್ತೆ, ಪೊಲೀಸರಿಗೆ ತಿಳಿಸಲು ಸಮಯವಿತ್ತೆ ಎಂದು ಕೇಳಿಯೇ ಕೇಳುತ್ತಾರೆ.

ತರಬೇತಿ ಪಡೆದವರ ಕೈಯಲ್ಲೂ ಇದು ಆಗಿದೆ. 2020ರ ಮಾರ್ಚ್ 13ರಂದು ಲೂಯಿವಿಲ್ ನಗರದ ಅಪಾರ್ಟ್‌ಮೆಂಟ್ ಮೇಲಿನ ದಾಳಿಯಲ್ಲಿ ಪೊಲೀಸನೊಬ್ಬ ಹೊರಗಿನಿಂದ ಹಾರಿಸಿದ 10 ಗುಂಡುಗಳಲ್ಲಿ ಕೆಲವು ಗೋಡೆ ದಾಟಿ ಪಕ್ಕದ ಮನೆ ಹೊಕ್ಕವು. ಅಲ್ಲಿ ಮಗುವಿತ್ತು. ನೆರೆಯವರ ಜೀವಕ್ಕೆ ಅಪಾಯ ತಂದ ಆರೋಪದಿಂದ 2022ರಲ್ಲಿ ರಾಜ್ಯ ನ್ಯಾಯಾಲಯದ ಜ್ಯೂರಿ ಅವನನ್ನು ಬಿಟ್ಟಿತು. ಮುಂದೆ ಫೆಡರಲ್ ನ್ಯಾಯಾಲಯದಲ್ಲಿ ಬೇರೆ ಆರೋಪದ ಮೇಲೆ ಶಿಕ್ಷೆಯಾಯಿತು. 2021ರ ಡಿಸೆಂಬರ್ 23ರಂದು ಲಾಸ್ ಏಂಜಲೀಸ್‌ನ ನಾರ್ತ್ ಹಾಲಿವುಡ್‌ನಲ್ಲಿ, ಪೊಲೀಸ್ ರೈಫಲಿನ ಗುಂಡೊಂದು ಬಟ್ಟೆ ಅಂಗಡಿಯ ನೆಲಕ್ಕೆ ಬಡಿದು ಚಿಮ್ಮಿ, ಬಟ್ಟೆ ಬದಲಿಸುವ ಕೋಣೆಯ ಗೋಡೆ ಸೀಳಿ, ಒಳಗಿದ್ದ 14 ವರ್ಷದ ಹುಡುಗಿಯನ್ನು ಕೊಂದಿತು.

ಪ್ರಶ್ನೆ: ವಿರಾಜಪೇಟೆ ಕಡೆಯ ಕಾಫಿ ತೋಟ. ಅಜ್ಜನ ಕಾಲದ ಜೋಡುನಳಿಗೆ ಕೋವಿ ಇದೆ, ಹಂದಿ ಕಾಟಕ್ಕೆಂದು ತಂದ ಎಲ್‌ಜಿ (ದೊಡ್ಡ ಗುಂಡಿನ) ತೋಟೆಗಳಿವೆ. ಮನೆಯ ಗೋಡೆ ಎರಡಡಿ ದಪ್ಪದ ಮಣ್ಣಿನದು, ಮೇಲೆ ಮಂಗಳೂರು ಹಂಚು. ಹಾಲ್ ಅನ್ನು ಇತ್ತೀಚೆಗೆ ಪ್ಲೈವುಡ್‌ನಿಂದ ಎರಡು ಮಾಡಿದ್ದೇವೆ. ಕಣದಲ್ಲಿ ಕಾಫಿ ಒಣಗಿಸುವಾಗ ಕಳ್ಳರು ಬಂದರೆ ಹೆದರಿಸಲು ಆಕಾಶಕ್ಕೆ ಒಂದು ಈಡು ಹೊಡೆಯಬಹುದೆ?

ಉತ್ತರ: ಮಣ್ಣಿನ ಗೋಡೆಯ ವಿಷಯದಲ್ಲಿ ನಿಶ್ಚಿಂತೆಯಿಂದಿರಿ. ಎರಡಡಿ ಮಣ್ಣು ನಿಮ್ಮ ಕೋವಿಯ ಯಾವ ಗುಂಡನ್ನೂ ನುಂಗಿಕೊಳ್ಳುತ್ತದೆ. ಹೊಸ ಪ್ಲೈವುಡ್ ಅಡ್ಡಗೋಡೆಯೇ ಈಗ ಮನೆಯ ಅಮೆರಿಕನ್ ಭಾಗ. ಎಲ್‌ಜಿ ಗುಂಡು ಒಂದೊಂದೂ 9.1 ಮಿಲಿಮೀಟರ್, 4.4 ಗ್ರಾಂ. ಪಾಯಿಂಟ್ 32 ಪಿಸ್ತೂಲಿನ ಗುಂಡು 4.6 ಗ್ರಾಂ, ಅದಕ್ಕಿಂತ ನಿಧಾನ. ಹಾಗಾಗಿ ಎಲ್‌ಜಿ ತೋಟೆಯ ಪ್ರತಿ ಗುಂಡನ್ನೂ ಒಂದೊಂದು ಪಿಸ್ತೂಲಿನ ಗುಂಡೆಂದೇ ಎಣಿಸಿ. ಮುಕ್ಕಾಲು ಇಂಚಿನ ಪ್ಲೈವುಡ್ ಅದನ್ನು ತಡೆಯುವುದಿಲ್ಲ. ಹಂಚು, ಅದರ ಕೆಳಗಿನ ರೀಪು, ಅಟ್ಟದ ಹಲಗೆ ಯಾವುದೂ ತಡೆಯಲ್ಲ.

ಆಕಾಶಕ್ಕೆ ಈಡು ಬೇಡ. ಉಂಡೆ ಗುಂಡಿನ ವ್ಯಾಸವನ್ನು ಇಂಚಿನಲ್ಲಿ ತೆಗೆದುಕೊಂಡು 2,200ರಿಂದ ಗುಣಿಸಿದರೆ ಅದು ಗರಿಷ್ಠ ಹೋಗಬಲ್ಲ ದೂರ ಗಜಗಳಲ್ಲಿ ಸಿಗುತ್ತದೆ ಎಂಬುದು ಹಳೆಯ, ಇಂದಿಗೂ ಬಳಕೆಯಲ್ಲಿರುವ ಲೆಕ್ಕ. ಎಲ್‌ಜಿಗೆ ಅದು 790 ಗಜ, ಅಂದರೆ 720 ಮೀಟರ್. ಸಣ್ಣ 6ನೇ ನಂಬರಿನ ಚರೆಗೂ 200 ಮೀಟರ್. ನಿಮ್ಮ ಕಣದಿಂದ ತೋಟದ ಕಾರ್ಮಿಕರ ಲೈನ್ ಮನೆಗಳು ಎಷ್ಟು ದೂರ? ಹಾಲೋ ಬ್ಲಾಕ್ ಗೋಡೆ, ಮೇಲೆ ಶೀಟು, ಒಳಗೆ ನೆಲದ ಮೇಲೆ ಮಲಗಿದ ಮಕ್ಕಳು. ಕತ್ತಲಲ್ಲಿ ‘ಆಕಾಶ’ ಎಂದು ಎತ್ತಿದ ನಳಿಗೆ ಎಷ್ಟೋ ಸಲ ಅರ್ಧ ಮಾತ್ರ ಎದ್ದಿರುತ್ತದೆ.

ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೊಡವರಿಗೂ ಇರುವ ವಿನಾಯಿತಿ, ಈಗ 2029ರ ವರೆಗೆ ವಿಸ್ತರಣೆಯಾಗಿರುವುದು, ಪರವಾನಗಿಯಿಂದ ವಿನಾಯಿತಿ. ಹಾರಿಸುವ ರೀತಿಗೆ ವಿನಾಯಿತಿಯಿಲ್ಲ. 2019ರ ತಿದ್ದುಪಡಿಯ ನಂತರ, ಬೇರೆಯವರ ಜೀವಕ್ಕೆ ಅಪಾಯವಾಗುವಂತೆ ಅಜಾಗ್ರತೆಯಿಂದ ಕೋವಿ ಬಳಸಿದರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಣದ ಕಾಫಿ ಕದಿಯುವವನಿಂದ ನಿಮ್ಮ ಜೀವಕ್ಕೆ ಭಯವಿಲ್ಲದಿದ್ದರೆ ಅವನ ಮೇಲೆ ಗುಂಡು ಹಾರಿಸುವ ಹಕ್ಕೂ ಇಲ್ಲ. ಎರಡು ಫ್ಲಡ್‌ಲೈಟ್, ಒಂದು ಸೈರನ್, ಸಾಕಿದ ನಾಯಿ, 112ಕ್ಕೆ ಕರೆ. ಇವು ಮಾಡುವ ಕೆಲಸವನ್ನು ಈಡು ಮಾಡುವುದಿಲ್ಲ. ಕೋವಿಯನ್ನೂ ತೋಟೆಯನ್ನೂ ಬೇರೆ ಬೇರೆ ಬೀಗದಲ್ಲಿಡಿ.

ಪ್ರಶ್ನೆ: ಬೆಂಗಳೂರಿನ ಫ್ಲ್ಯಾಟಿನಲ್ಲಿದ್ದೇವೆ, ಪರವಾನಗಿಯ ಪಾಯಿಂಟ್ 32 ರಿವಾಲ್ವರ್ ಇದೆ. ನಮ್ಮದು ಬ್ಲಾಕಿನ ಗೋಡೆ, ದಾಟುವ ಭಯವಿಲ್ಲ ತಾನೆ?

ಉತ್ತರ: ಗಟ್ಟಿ ಕಾಂಕ್ರೀಟ್ ಬ್ಲಾಕಿನ ಅಥವಾ ಸುಟ್ಟ ಇಟ್ಟಿಗೆಯ ನಾಲ್ಕೂವರೆ ಇಂಚಿನ ಗೋಡೆಯನ್ನು ಈ ರಿವಾಲ್ವರಿನ ಗುಂಡು ದಾಟುವುದಿಲ್ಲ. ಆದರೆ ಒಳಗೆಲ್ಲ ಗಾಳಿಗುಳ್ಳೆಗಳಿರುವ ಹಗುರ ಎಎಸಿ ಬ್ಲಾಕು ಇಟ್ಟಿಗೆಯ ಮೂರನೇ ಒಂದರಷ್ಟೇ ತೂಕದ್ದು, ಮೊಳೆಯೇ ಸರಾಗವಾಗಿ ಇಳಿಯುತ್ತದೆ. ಅದರ ಮೇಲೆ ಅಷ್ಟು ಭರವಸೆ ಇಡಬೇಡಿ. ಗೋಡೆಯ ಎರಡೂ ಬದಿಗೆ ಬೆನ್ನಿಗೆ ಬೆನ್ನು ಹಚ್ಚಿದಂತೆ ಸ್ವಿಚ್ ಪೆಟ್ಟಿಗೆ ಕೂರಿಸಿದ್ದರೆ ಅಲ್ಲಿ ಉಳಿದಿರುವುದು ಬೆರಳು ದಪ್ಪದ ಗಾರೆ. ಫ್ಲಶ್ ಬಾಗಿಲು, ಕಿಟಕಿ, ಆಫೀಸ್ ಕೋಣೆಗೆಂದು ಹಾಕಿಸಿದ ಜಿಪ್ಸಮ್ ಅಡ್ಡಗೋಡೆ, ಇವೆಲ್ಲ ತೆರೆದ ದಾರಿ ಎಂದೇ ತಿಳಿಯಿರಿ. ಗಟ್ಟಿ ಗೋಡೆಯದು ಇನ್ನೊಂದು ತಾಪತ್ರಯ. ಓರೆಯಾಗಿ ಬಡಿದ ಗುಂಡು ಗೋಡೆಗುಂಟ ಸವರಿಕೊಂಡು ಅದೇ ಕೋಣೆಯೊಳಗೆ ಚಿಮ್ಮುತ್ತದೆ. ಗ್ರಾನೈಟ್ ನೆಲ ಇದಕ್ಕೆ ಇನ್ನೂ ಕೆಟ್ಟದ್ದು.

ಪ್ರಶ್ನೆ: ಒರೆಸುವಾಗ ಕೈತಪ್ಪಿ ಗುಂಡು ಹಾರಿ ಗೋಡೆಯಲ್ಲಿ ತೂತಾದರೆ ಮೊದಲು ಏನು ಮಾಡಬೇಕು? (ನ್ಯೂಜೆರ್ಸಿಯ ಎಡಿಸನ್‌ನಿಂದ)

ಉತ್ತರ: ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೆ ಹಿಡಿದು ಮ್ಯಾಗಜಿನ್ (ಗುಂಡು ತುಂಬಿದ ಡಬ್ಬಿ) ತೆಗೆಯಿರಿ, ಆಮೇಲೆ ನಳಿಗೆಯ ಬುಡದ ಚೇಂಬರಿನಲ್ಲಿ ಉಳಿದ ಗುಂಡನ್ನು ಹೊರಹಾಕಿ. ಕ್ರಮ ಇದೇ ಇರಲಿ. ಮ್ಯಾಗಜಿನ್ ತೆಗೆಯದೆ ಸ್ಲೈಡ್ (ಪಿಸ್ತೂಲಿನ ಹಿಂದಕ್ಕೆ ಜಾರುವ ಮೇಲ್ಭಾಗ) ಎಳೆದರೆ ಇನ್ನೊಂದು ಗುಂಡು ಒಳಕ್ಕೆ ಬರುತ್ತದೆ. ಗುಂಡು ಕೈತಪ್ಪಿ ಹಾರುವುದೂ ಬಹಳಷ್ಟು ಸಲ ಇದೇ ತಪ್ಪಿನಿಂದ. ಪಿಸ್ತೂಲು ಕೆಳಗಿಟ್ಟು, ಮನೆಯಲ್ಲಿರುವ ಪ್ರತಿಯೊಬ್ಬರ ಹೆಸರು ಕೂಗಿ ಉತ್ತರ ಬರುವವರೆಗೆ ಎಣಿಸಿ. ನಿದ್ದೆ ಮಾಡುತ್ತಿರುವವರನ್ನು ಎಬ್ಬಿಸಿ ನೋಡಿ. ಗುಂಡಿನ ದಿಕ್ಕಿನ ನೆರೆಮನೆಗೆ ಹೋಗಿ ಬಾಗಿಲು ತಟ್ಟಿ. ನಾಚಿಕೆಯಿಂದ ಸುಮ್ಮನಿರುವ ಹೊತ್ತಲ್ಲ ಅದು.

ಆಮೇಲೆ ತೂತಿನ ಜಾಡು ಹಿಡಿಯಿರಿ. ಒಳಹೊಕ್ಕ ತೂತು ಚೊಕ್ಕವಾಗಿ ಬೆರಳಿಗಿಂತ ಕಿರಿದಾಗಿರುತ್ತದೆ. ಹೊರಬಿದ್ದ ಕಡೆ ಕಾಗದ ಹರಿದು ಪುಡಿ ಉದುರಿರುತ್ತದೆ. ಎರಡನ್ನೂ ಸೇರಿಸಿ ಕಣ್ಣಳತೆಯಲ್ಲಿ ಗೆರೆ ಎಳೆದರೆ ಮುಂದಿನ ತೂತು ಸಿಗುತ್ತದೆ. ಕೊನೆಯ ತೂತಿನವರೆಗೂ ಹೋಗಬೇಕು. ಗೋಡೆಯೊಳಗೆ ವಿದ್ಯುತ್ ತಂತಿ, ನೀರಿನ ಪ್ಲಾಸ್ಟಿಕ್ ಕೊಳವೆ, ಕೆಲವು ಮನೆಗಳಲ್ಲಿ ಹಳದಿ ಹೊದಿಕೆಯ ಬಳುಕುವ ಗ್ಯಾಸ್ ಕೊಳವೆ ಇರುತ್ತವೆ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಎಲ್ಲರೂ ಹೊರಗೆ ಬಂದು ಅಲ್ಲಿಂದ 911ಕ್ಕೆ ಕರೆ ಮಾಡಿ. ವಾಸನೆಯಿಲ್ಲದಿದ್ದರೆ ಆ ಗೋಡೆಯ ಬ್ರೇಕರ್ ಇಳಿಸಿ, ಗೋಡೆಯ ಬುಡದಲ್ಲಿ ಒದ್ದೆಯಾಗಿದೆಯೇ ಎಂದು ಒಂದು ಗಂಟೆ ಬಿಟ್ಟು ಮತ್ತೆ ಮುಟ್ಟಿ ನೋಡಿ. ಪೊಲೀಸರು ಬಂದು ನೋಡುವವರೆಗೆ ತೂತಿಗೆ ಪುಟ್ಟಿ ಹಾಕಬೇಡಿ.